ಭಾರದ ಸವಾರನಿಗೆ ತಕ್ಕ ಚಕ್ರ

ದೇಹದ ತೂಕವು 100 ಕಿಲೋಗ್ರಾಮನ್ನು ಮುಟ್ಟಿದ ಅಥವಾ ದಾಟಿದ ಗೃಹಸ್ಥನೊಬ್ಬನು, ವೈದ್ಯರ ಹಿತೋಪದೇಶದಿಂದಲೋ ತನ್ನದೇ ದೃಢಸಂಕಲ್ಪದಿಂದಲೋ ಪ್ರೇರಿತನಾಗಿ, ಅಂಗಡಿಯವರು ಎಂ.ಟಿ.ಬಿ. ಎಂದು ಕರೆಯುವ ದಪ್ಪ ಟೈರಿನ ಪರ್ವತ ಸೈಕಲ್ಲೊಂದನ್ನು ಕೊಂಡು, ಬೆಳಗಿನ ಹೊತ್ತು ಕಾಡುದಾರಿ ಗುಡ್ಡದಾರಿಗಳಲ್ಲಿ ಅದನ್ನು ನಡೆಸತೊಡಗಿದನೆಂದರೆ, ಕೆಲವು ತಿಂಗಳು ಕಳೆಯುವುದರೊಳಗಾಗಿ ಹಿಂದಿನ ಚಕ್ರದಿಂದ ಟಣ್ಣೆಂಬ ಶಬ್ದವೊಂದು ಅವನ ಕಿವಿಗೆ ಬೀಳುವ ಸಂಭವ ಬಹಳ. ಕಡ್ಡಿಯೊಂದು ಮುರಿದಿರುತ್ತದೆ, ಚಕ್ರವು ಓಲಾಡುತ್ತ ತಿರುಗುತ್ತದೆ. ಮೆಕ್ಯಾನಿಕ್ಕನು ಹೊಸ ಕಡ್ಡಿ ಹಾಕಿ, ಬೆಂಡು ತೆಗೆದು ಕಳುಹಿಸಿದರೆ, ಸ್ವಲ್ಪ ದಿನಕ್ಕೆ ನೆರೆಯ ಕಡ್ಡಿಯೂ ಅದೇ ದಾರಿ ಹಿಡಿಯುತ್ತದೆ. ಹೀಗೆ ನಾಲ್ಕಾರು ಸಲ ಆದಮೇಲೆ ಆ ಮನುಷ್ಯನು ಸೈಕಲ್ಲನ್ನು ಮೂಲೆಗೆ ಒರಗಿಸಿ, ತನ್ನಂಥ ಶರೀರಕ್ಕೆ ಈ ವಾಹನವು ಹೇಳಿಮಾಡಿಸಿದ್ದಲ್ಲವೆಂದು ನಿರ್ಧರಿಸಿಬಿಡುತ್ತಾನೆ. ಆರೋಗ್ಯಕ್ಕಾಗಿ ಸೈಕಲ್ಲು ತುಳಿಯುವ ಅಗತ್ಯ ಯಾರಿಗೆ ಎಲ್ಲರಿಗಿಂತ ಹೆಚ್ಚಾಗಿದೆಯೋ ಅವರೇ ಹೀಗೆ ಹಿಂಜರಿಯುವಂತಾಗುವುದು ವ್ಯಸನಕರವಾದ ಸಂಗತಿ. ಏಕೆಂದರೆ ಇಲ್ಲಿ ದೋಷವಿರುವುದು ಶರೀರದಲ್ಲಲ್ಲ, ಚಕ್ರದಲ್ಲಿ. ಅದೂ ಸುಲಭವಾಗಿ, ವಿಪರೀತ ವೆಚ್ಚವಿಲ್ಲದೆ ಪರಿಹರಿಸಬಹುದಾದ ದೋಷ.

ಚಕ್ರವನ್ನು ಆರಿಸುವ ಮುನ್ನ ಚಕ್ರವು ಭಾರವನ್ನು ಹೊರುವ ಬಗೆಯನ್ನು ತಿಳಿದಿರುವುದು ಒಳ್ಳೆಯದು. ನಮ್ಮ ಎತ್ತಿನ ಗಾಡಿಯ ಗಾಲಿಯಲ್ಲಿ ಮರದ ದಪ್ಪ ಆರೆಕಾಲುಗಳು ಕಂಬಗಳಂತೆ ಗುಂಬಕ್ಕೆ ಆಸರೆಯಾಗಿ ನಿಂತು, ನೆಲಕ್ಕೆ ತಾಗಿದ ಕಡೆಯಲ್ಲಿ ಒತ್ತಡವನ್ನು ನೇರವಾಗಿ ತಾಳಿಕೊಳ್ಳುತ್ತವೆ. ಸೈಕಲ್ಲಿನ ಕಡ್ಡಿಯಾದರೋ 2 ಮಿಲಿಮೀಟರು ದಪ್ಪದ ಉಕ್ಕಿನ ತಂತಿ. ಅದನ್ನು ನೆಲಕ್ಕೆ ಊರಿ ಬೆರಳಿನಿಂದ ಒತ್ತಿದರೂ ಬಾಗಿಹೋಗುತ್ತದೆ. ಅಂಥ ತಂತಿಗಳಿಂದ ಮನುಷ್ಯನನ್ನು ಹೊರಿಸುವ ಉಪಾಯವು ಬಿಗಿತದಲ್ಲಿದೆ. ಚಕ್ರದ ನಡುವಿನ ಹಬ್ಬಿಗೂ ಹೊರವೃತ್ತದ ರಿಮ್ಮಿಗೂ ನಡುವೆ ಪ್ರತಿಯೊಂದು ಕಡ್ಡಿಯನ್ನೂ ಮೊದಲೇ ಬಲವಾಗಿ ಎಳೆದು ಬಿಗಿದಿಟ್ಟಿದ್ದರೆ, ಸವಾರನು ಕುಳಿತಾಗ ನೆಲದ ಬಳಿಯ ಕೆಲವೇ ಕಡ್ಡಿಗಳ ಬಿಗಿತವು ಅಷ್ಟಿಷ್ಟು ಇಳಿಯುತ್ತದೆ, ಮೇಲಿನವುಗಳ ಬಿಗಿತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಆಗುವುದಿಲ್ಲ. ಬಿಗಿದ ತಂತಿಯು ತನ್ನ ಬಿಗಿತ ಪೂರ್ತಿ ಕಳೆದುಕೊಳ್ಳುವವರೆಗೂ ಕಂಬದ ಕೆಲಸವನ್ನೇ ಮಾಡುತ್ತದೆ. ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದ ಜೇಮ್ಸ್ ಸ್ಟಾರ್ಲಿಯು 1874ರಲ್ಲಿ, ಕಡ್ಡಿಗಳನ್ನು ಹಬ್ಬಿನಿಂದ ನೇರವಾಗಿ ಹೊರಕ್ಕೆ ಒಯ್ಯದೆ ಅದರ ಅಂಚಿಗೆ ಸ್ಪರ್ಶರೇಖೆಯಾಗಿ ಓರೆಯಾಗಿ, ಒಂದನ್ನೊಂದು ಹಾಯುವಂತೆ ಹೆಣೆಯುವ ಕ್ರಮಕ್ಕೆ ಪೇಟೆಂಟು ಪಡೆದನು. ಇಂದಿಗೂ ಬಹುತೇಕ ಒಳ್ಳೆಯ ಚಕ್ರಗಳು ಆ ಕ್ರಮವನ್ನೇ ಅನುಸರಿಸುತ್ತವೆ. ಈ ಬಿಗಿತದ ಲೆಕ್ಕಾಚಾರವನ್ನೆಲ್ಲ ಕ್ಯಾಲಿಫೋರ್ನಿಯದ ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ 1981ರಲ್ಲಿ ಪ್ರಕಟಿಸಿದ ‘ದಿ ಬೈಸಿಕಲ್ ವೀಲ್’ ಎಂಬ ಗ್ರಂಥದಲ್ಲಿ ಸಾಧಾರಣ ಓದುಗನಿಗೂ ಎಟುಕುವಂತೆ ವಿಶದಪಡಿಸಿದ್ದಾನೆ.

ಇದು ತಿಳಿದಮೇಲೆ ಕಡ್ಡಿಯು ಮುರಿಯುವ ಕಾರಣವೂ ಸ್ಪಷ್ಟವಾಗುತ್ತದೆ. ಸವಾರನ ಭಾರವನ್ನು ತಾಳಲಾರದೆ ಕಡ್ಡಿ ಒಮ್ಮೆಲೇ ತುಂಡಾಗುವುದು ತೀರ ಅಪರೂಪ. ಚಕ್ರದ ಪ್ರತಿಯೊಂದು ಸುತ್ತಿನಲ್ಲಿಯೂ ಪ್ರತಿಯೊಂದು ಕಡ್ಡಿಯೂ ನೆಲದ ಕಡೆಗೆ ಬಂದಾಗ ಒಮ್ಮೆ ಸಡಿಲಗೊಂಡು, ಮೇಲೇರುವಾಗ ಮತ್ತೆ ಬಿಗಿಯುತ್ತದೆ. 29 ಇಂಚಿನ ಚಕ್ರದ ಸುತ್ತಳತೆ ಸುಮಾರು 2.3 ಮೀಟರಾದುದರಿಂದ ಒಂದು ಕಿಲೋಮೀಟರಿಗೆ 430ಕ್ಕೂ ಹೆಚ್ಚು ಸಲ, ಸಾವಿರ ಕಿಲೋಮೀಟರಿಗೆ ನಾಲ್ಕು ಲಕ್ಷಕ್ಕೂ ಮೀರಿ ಈ ಕ್ರಿಯೆ ನಡೆಯುತ್ತದೆ. ಸವಾರನು ಭಾರವಾದಷ್ಟೂ ಪ್ರತಿ ಸುತ್ತಿನ ಏರಿಳಿತವು ದೊಡ್ಡದು. ಮೊದಲೇ ಬಿಗಿತ ಸಾಲದ ಚಕ್ರದಲ್ಲಿ ಕಡ್ಡಿಯು ಪೂರ್ತಿ ಸಡಿಲಗೊಂಡು, ಹಬ್ಬಿನ ರಂಧ್ರದಲ್ಲಿ ಸಿಕ್ಕಿಕೊಂಡಿರುವ ಅದರ ಬಾಗಿದ ಕೊನೆಯು, ಅಂದರೆ ಕಡ್ಡಿಯ ಮೊಣಕೈ, ಹಿಂದಕ್ಕೂ ಮುಂದಕ್ಕೂ ಮಿಸುಕಾಡಿ, ಲೋಹವು ಆಯಾಸಗೊಂಡು, ಸೂಕ್ಷ್ಮವಾದ ಬಿರುಕು ಬೆಳೆದು ಕಟ್ಟಕಡೆಗೆ ಅಲ್ಲಿಯೇ ಮುರಿಯುತ್ತದೆ. ಮುರಿದ ಕಡ್ಡಿಯನ್ನು ಕೈಗೆ ತೆಗೆದುಕೊಂಡು ನೋಡಿರಿ: ಸಾಮಾನ್ಯವಾಗಿ ಅದು ನಡುವಿನಲ್ಲಿ ತುಂಡಾಗಿರದೆ ಈ ಮೊಣಕೈಯಲ್ಲಿಯೇ ಮುರಿದಿರುತ್ತದೆ. ಆದುದರಿಂದ ಒಂದು ಕಡ್ಡಿ ಮುರಿದಾಗ ಅದರ ನೆರೆಹೊರೆಯವೂ ಅಷ್ಟೇ ಆಯಾಸಗೊಂಡಿವೆಯೆಂದು ತಿಳಿಯತಕ್ಕದ್ದು. ಎರಡು ಮೂರು ಮುರಿದುವೆಂದರೆ ಎಲ್ಲವನ್ನೂ ಬದಲಾಯಿಸುವುದೇ ವಿವೇಕ.

ಈ ವಿಷಯದಲ್ಲಿ ಸಾಮಾನ್ಯ ಬುದ್ಧಿಗೆ ವಿರುದ್ಧವೆಂದು ತೋರುವ ಒಂದು ಸತ್ಯವುಂಟು. ಭಾರದ ಸವಾರನಿಗೆ ಆದ್ಯಂತವೂ ದಪ್ಪವಾದ ಕಡ್ಡಿ ಬೇಕೆಂದು ಅಂಗಡಿಯಾತನೂ ಗಿರಾಕಿಯೂ ಒಟ್ಟಿಗೆ ಭಾವಿಸುತ್ತಾರೆ. ವಾಸ್ತವದಲ್ಲಿ ಎರಡು ತುದಿಗಳಲ್ಲಿ 2 ಮಿಲಿಮೀಟರು ದಪ್ಪವಿದ್ದು ನಡುವೆ 1.8 ಮಿಲಿಮೀಟರಿಗೆ ತೆಳುವಾಗಿ ಎಳೆಯಲ್ಪಟ್ಟ, ಬಟ್ಟೆಡ್ ಎಂದು ವ್ಯಾಪಾರದಲ್ಲಿ ಕರೆಯುವ ಕಡ್ಡಿಯು ಹೆಚ್ಚು ಕಾಲ ಬಾಳುತ್ತದೆ. ನಡುವಿನ ತೆಳುಭಾಗವು ಕೊಂಚ ಹಿಗ್ಗುವ ಶಕ್ತಿಯುಳ್ಳದ್ದಾದುದರಿಂದ, ರಿಮ್ಮು ಕಲ್ಲಿಗೆ ಬಡಿದು ಒಳಕ್ಕೆ ತಗ್ಗಿದಾಗಲೂ ಅಂಥ ಕಡ್ಡಿಯು ಬೇಗನೆ ಸಡಿಲವಾಗುವುದಿಲ್ಲ. ಆಘಾತವು ಮೊಣಕೈಯೊಂದರಲ್ಲಿಯೇ ನಿಲ್ಲದೆ ನೆರೆಯ ಕಡ್ಡಿಗಳಿಗೂ ಹಂಚಿಹೋಗುತ್ತದೆ. ತೆಳುಭಾಗದಲ್ಲಿ ಲೋಹವು ಸುಮಾರು ಐದನೆಯ ಒಂದು ಪಾಲು ಕಡಿಮೆಯಾಗಿರುವುದರಿಂದ ತೂಕವೂ ಇಳಿಯುತ್ತದೆ. ಬಲವೂ ಲಘುತ್ವವೂ ಒಟ್ಟಿಗೆ ದೊರೆಯುವ ಸಂದರ್ಭಗಳು ಯಂತ್ರಶಾಸ್ತ್ರದಲ್ಲಿ ವಿರಳ. ಇದು ಅವುಗಳಲ್ಲೊಂದು, ಮತ್ತು ಇದಕ್ಕೆ ತೆರಬೇಕಾದ ಹೆಚ್ಚಿನ ಬೆಲೆಯು ಚಕ್ರದ ಒಟ್ಟು ಬೆಲೆಯಲ್ಲಿ ಅಲ್ಪ ಭಾಗ. ಇನ್ನೂ ಭದ್ರತೆ ಬೇಕೆನ್ನುವವರಿಗೆ ಮೊಣಕೈಯ ಬಳಿಯಲ್ಲಿ ಮಾತ್ರ 2.2 ಅಥವಾ 2.3 ಮಿಲಿಮೀಟರು ದಪ್ಪವಿರುವ ಕಡ್ಡಿಗಳನ್ನು ಸ್ವಿಟ್ಜರ್ಲೆಂಡಿನ ಡಿ.ಟಿ. ಸ್ವಿಸ್, ಬೆಲ್ಜಿಯಮ್ಮಿನ ಸೇಪಿಮ್ ಮುಂತಾದವರು ತಯಾರಿಸುತ್ತಾರೆ.

ಬಲ, ಲಘುತ್ವ, ಅಗ್ಗ ಇವು ಮೂರರಲ್ಲಿ ಯಾವುವಾದರೂ ಎರಡನ್ನು ಮಾತ್ರ ಆರಿಸಿಕೊಳ್ಳಬಹುದೆಂಬ ಮಾತು ಸೈಕಲ್ ಲೋಕದಲ್ಲಿ ಕೀತ್ ಬಾಂಟ್ರೇಗರ್ ಎಂಬ ಅಮೆರಿಕನ್ ನಿರ್ಮಾತೃವಿನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಪರ್ವತ ಸೈಕಲ್ಲು ಹುಟ್ಟಿದ್ದು ಅವನಿದ್ದ ಕ್ಯಾಲಿಫೋರ್ನಿಯದಲ್ಲಿಯೇ. ಸ್ಯಾನ್ ಫ್ರಾನ್ಸಿಸ್ಕೋಗೆ ಉತ್ತರದಲ್ಲಿರುವ ಮರಿನ್ ಪ್ರಾಂತದ ಟಮಲ್ಪೈಸ್ ಬೆಟ್ಟದ ಆಸುಪಾಸಿನಲ್ಲಿ, 1970ರ ದಶಕದ ಕೆಲವು ತರುಣರು ಹಳೆಯ ಭಾರವಾದ ಸೈಕಲ್ಲುಗಳನ್ನು ಮಣ್ಣಿನ ಇಳಿಜಾರಿನಲ್ಲಿ ಓಡಿಸಿ ಪಂದ್ಯಗಳನ್ನು ನಡೆಸಿದರು. 1976ರಲ್ಲಿ ಆರಂಭವಾದ ‘ರೀಪ್ಯಾಕ್’ ಎಂಬ ಪಂದ್ಯಕ್ಕೆ ಆ ಹೆಸರು ಬಂದುದು, ಒಂದೊಂದು ಇಳಿತದಲ್ಲಿಯೂ ಹಿಂದಿನ ಹಬ್ಬಿನ ಬ್ರೇಕು ಕಾದು, ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಮತ್ತೆ ತುಂಬಬೇಕಾಗುತ್ತಿದ್ದುದರಿಂದ. ಆ ಸೈಕಲ್ಲುಗಳ ಉಕ್ಕಿನ ರಿಮ್ಮುಗಳು ಬಲವಾಗಿದ್ದುವು, ಆದರೆ ವಿಪರೀತ ಭಾರ. 1980ರ ದಶಕದಲ್ಲಿ ಬಾಂಟ್ರೇಗರನು, ರಸ್ತೆಯ ಪಂದ್ಯದ ಸೈಕಲ್ಲುಗಳಿಗಾಗಿ ಫ್ರಾನ್ಸಿನ ಮಾವಿಕ್ ಸಂಸ್ಥೆಯವರು ಮಾಡಿದ ಹಗುರ ಅಲ್ಯುಮಿನಿಯಂ ರಿಮ್ಮುಗಳನ್ನು ಕತ್ತರಿಸಿ, 26 ಇಂಚಿನ ಅಳತೆಗೆ ಮರುಬಾಗಿಸಿ, ಬೆಟ್ಟದ ಸೈಕಲ್ಲಿಗೆ ಅಳವಡಿಸಿದನು. ಮೂರು ಗುಣಗಳ ನಡುವಣ ಎಳೆದಾಟವನ್ನು ಹೀಗೆ ಕೈಯಾರೆ ಅನುಭವಿಸಿದವನ ಮಾತಾದುದರಿಂದ ಅದಕ್ಕೆ ಬೆಲೆಯುಂಟು. ಆದರೂ ಭಾರದ ಸವಾರನ ಮಟ್ಟಿಗೆ ಆ ಮೂರು ಗುಣಗಳು ಸಮಾನವಲ್ಲವೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ: ಬಲವನ್ನು ಮೊದಲು, ಬೆಲೆಯನ್ನು ಅನಂತರ, ಲಘುತ್ವವನ್ನು ಕಡೆಯಲ್ಲಿ ಎಣಿಸಬೇಕು.

ಇದಕ್ಕೆ ಸರಳವಾದ ಲೆಕ್ಕವೇ ಆಧಾರ. ಸವಾರನದು 100 ಕಿಲೋ, ಸೈಕಲ್ಲು ನೀರು ಎಲ್ಲ ಸೇರಿ 15 ಕಿಲೋ ಎಂದಿಟ್ಟುಕೊಳ್ಳೋಣ. ಬಲವಾದ ಚಕ್ರಗಳ ಜೋಡಿಯು ಹಗುರವಾದ ಜೋಡಿಗಿಂತ 300 ಗ್ರಾಂ ಹೆಚ್ಚು ತೂಗಿದರೆ, ಏರು ಹತ್ತುವಾಗ ಎತ್ತಬೇಕಾದ ಹೆಚ್ಚಿನ ಭಾರವು ನೂರಕ್ಕೆ ಕಾಲು ಪಾಲಿಗೆ ಸಮೀಪ. ಅಂಚಿನಲ್ಲಿ ತಿರುಗುವ ತೂಕಕ್ಕೆ ವೇಗ ಹಿಡಿಯುವಾಗ ಎರಡರಷ್ಟು ಬೆಲೆಯೆಂಬ ಮಾತನ್ನು ಪೂರ್ತಿಯಾಗಿ ಒಪ್ಪಿದರೂ ಅದು ನೂರಕ್ಕೆ ಅರ್ಧದ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. 55 ಕಿಲೋ ತೂಗುವ ಪಂದ್ಯದ ಸವಾರನಿಗೆ ಈ ವ್ಯತ್ಯಾಸವು ಅದರ ಒಂದೂವರೆಯಷ್ಟಕ್ಕೂ ಮೀರಿ ಕಾಣುತ್ತದೆ. ಅವನು ಗ್ರಾಂಗಳನ್ನು ಎಣಿಸಿದರೆ ನ್ಯಾಯವೇ. ದೊಡ್ಡ ಶರೀರದವನು ಕಾರ್ಬನ್ ರಿಮ್ಮಿಗೆ ಹತ್ತಾರು ಸಾವಿರ ಸುರಿದು ಪಡೆಯುವ ಲಾಭವನ್ನು ಒಂದು ಲೋಟ ನೀರು ಕಡಿಮೆ ಹೊತ್ತೊಯ್ದೂ ಪಡೆಯಬಹುದು.

ಕಡ್ಡಿಗಳ ಸಂಖ್ಯೆಯ ವಿಚಾರಕ್ಕೆ ಬರೋಣ. ನಮ್ಮ ದೇಶದ ಹಳೆಯ ಕಪ್ಪು ರೋಡ್‌ಸ್ಟರ್ ಸೈಕಲ್ಲುಗಳಲ್ಲಿ ಮುಂದಿನ ಚಕ್ರಕ್ಕೆ 32, ಹಿಂದಿನ ಚಕ್ರಕ್ಕೆ 40 ಕಡ್ಡಿಗಳು. ಇಂಗ್ಲೆಂಡಿನಿಂದ ಬಂದ ಆ ಸಂಪ್ರದಾಯದಲ್ಲಿ, ಭಾರದ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲೆಯೇ ಬೀಳುತ್ತದೆಂಬ ಅರಿವು ಅಡಗಿತ್ತು. ಹಾಲಿನ ಕ್ಯಾನುಗಳನ್ನೂ ಅಕ್ಕಿಯ ಮೂಟೆಯನ್ನೂ ಹೆಂಡತಿ ಮಕ್ಕಳನ್ನೂ ಹೊತ್ತು ನಮ್ಮ ಹಳ್ಳಿಯ ಗಾಡಿಜಾಡುಗಳಲ್ಲಿ ದಶಕಗಟ್ಟಲೆ ಓಡಿದ ಆ ಚಕ್ರಗಳು ಬಾಳಿದುದರ ಗುಟ್ಟು ಅದರಲ್ಲಿಯೂ ಇತ್ತು. ಇಂದು ಪರ್ವತ ಸೈಕಲ್ಲುಗಳಲ್ಲಿ 32 ಸಾಮಾನ್ಯ. ನೋಟಕ್ಕೆ ಚೆನ್ನೆಂದೋ ತೂಕ ಉಳಿಯಿತೆಂದೋ 28ಕ್ಕೂ 24ಕ್ಕೂ ಇಳಿದಿರುವುದುಂಟು. 100 ಕಿಲೋ ಸವಾರನು 28ರ ಹತ್ತಿರ ಸುಳಿಯಬಾರದು. ಮುಂದೆ 32, ಹಿಂದೆ 36 ಕಡ್ಡಿಗಳು ಅವನಿಗೆ ಉತ್ತಮ. ನಾಲ್ಕು ಕಡ್ಡಿಗಳೂ ರಿಮ್ಮಿನಲ್ಲಿ ಅವುಗಳನ್ನು ಬಿಗಿಯುವ ನಿಪ್ಪಲ್ಲುಗಳೂ ಕೂಡಿ ಸುಮಾರು 30 ಗ್ರಾಂ ಹೆಚ್ಚಿಗೆ ಬರುತ್ತವೆಯಷ್ಟೆ. 36 ರಂಧ್ರದ ರಿಮ್ಮು ಸಿಗದಿದ್ದರೆ, ಜಾಗ್ರತೆಯಿಂದ ಕಟ್ಟಿದ 32 ಕಡ್ಡಿಯ ಚಕ್ರವೂ ಕೆಲಸಕ್ಕೆ ಬರುತ್ತದೆ.

ಹಿಂದಿನ ಚಕ್ರಕ್ಕೆ ಮತ್ತೊಂದು ಸಂಕಟವಿದೆ. ಬಲಗಡೆಯಲ್ಲಿ ಹಲ್ಲುಚಕ್ರಗಳ ಗೊಂಚಲಿಗೆ ಎಡೆ ಬಿಡಬೇಕಾದುದರಿಂದ ಆ ಕಡೆಯ ಕಡ್ಡಿಗಳು ಕಡಿದಾಗಿ, ಬಹುಮಟ್ಟಿಗೆ ನೆಟ್ಟಗೆ ನಿಲ್ಲುತ್ತವೆ. ಎಡಗಡೆಯವು ಓರೆಯಾಗಿ ಹರಡಿಕೊಳ್ಳುತ್ತವೆ. ರಿಮ್ಮು ಮಧ್ಯದಲ್ಲಿರಬೇಕಾದರೆ ಬಲಗಡೆಯವನ್ನು ಅತಿಯಾಗಿಯೂ ಎಡಗಡೆಯವನ್ನು ಕಡಿಮೆಯಾಗಿಯೂ ಬಿಗಿಯಬೇಕಾಗುತ್ತದೆ. ಹೀಗೆ ಒಂದು ಕಡೆ ಆಯಾಸ, ಇನ್ನೊಂದು ಕಡೆ ಸಡಿಲು. ಇದನ್ನು ತಗ್ಗಿಸಲು ಎರಡು ಸುಧಾರಣೆಗಳು ಬಂದಿವೆ: ಹಬ್ಬನ್ನು 142 ಮಿಲಿಮೀಟರಿನಿಂದ 148ಕ್ಕೆ ಅಗಲಗೊಳಿಸಿ ಕಡ್ಡಿಗಳ ಬುಡಗಳನ್ನು ದೂರ ಸರಿಸಿದ ‘ಬೂಸ್ಟ್’ ಎಂಬ ಅಳತೆಯೊಂದು, ರಂಧ್ರಗಳನ್ನು ನಡುಗೆರೆಯಿಂದ ಎರಡು ಮೂರು ಮಿಲಿಮೀಟರು ಪಕ್ಕಕ್ಕೆ ಸರಿಸಿ ಕೊರೆದ ರಿಮ್ಮು ಇನ್ನೊಂದು. ಹೊಸ ಸೈಕಲ್ಲು ಕೊಳ್ಳುವ ಭಾರದ ಸವಾರನು ಬೂಸ್ಟ್ ಹಬ್ಬುಳ್ಳ ಚೌಕಟ್ಟನ್ನೇ ಕೇಳಿ ಪಡೆಯುವುದು ಲೇಸು. ಚಕ್ರವು ದೊಡ್ಡದಾದಷ್ಟೂ ಕಡ್ಡಿಗಳು ಉದ್ದವಾಗಿ ಪಕ್ಕದ ಬಲ ಕುಂದುವುದರಿಂದ, 29 ಇಂಚಿನ ಚಕ್ರವನ್ನು ಆರಿಸುವವರಿಗೆ ಈ ಅಗಲವು ವಿಶೇಷವಾಗಿ ಉಪಕಾರಿ. 26 ಮತ್ತು 27.5 ಇಂಚಿನವು ಸ್ವಭಾವತಃ ಇನ್ನಷ್ಟು ಗಟ್ಟಿ.

ಹಬ್ಬಿನ ವಿಷಯದಲ್ಲಿ ಒಂದೇ ಎಚ್ಚರಿಕೆ. ಅಗ್ಗದ ಸೈಕಲ್ಲುಗಳಲ್ಲಿ ಹಲ್ಲುಚಕ್ರಗಳ ಗೊಂಚಲನ್ನು ಹಬ್ಬಿನ ಮೇಲೆ ತಿರುಪಿನಂತೆ ಕೂರಿಸಿರುತ್ತಾರೆ. ಅಲ್ಲಿ ಬಲಗಡೆಯ ಬೇರಿಂಗು ಬಹಳ ಒಳಗೆ ಉಳಿದು, ಅಚ್ಚಿನ ತುದಿಯು ಆಧಾರವಿಲ್ಲದೆ ಚಾಚಿಕೊಂಡಿರುವುದರಿಂದ, ಭಾರದ ಸವಾರನ ಕೆಳಗೆ ಅಚ್ಚು ಬಾಗುವುದೂ ಮುರಿಯುವುದೂ ಸಾಮಾನ್ಯ. ಬೇರಿಂಗನ್ನು ಹೊರಗಿನ ತುದಿಗೆ ಒಯ್ದ ಫ್ರೀಹಬ್ ಎಂಬ ರಚನೆಯನ್ನು ಜಪಾನಿನ ಶಿಮಾನೊ ಸಂಸ್ಥೆಯವರು 1970ರ ದಶಕದ ಕೊನೆಯಲ್ಲಿ ಪ್ರಚಾರಕ್ಕೆ ತಂದರು, ಅದೇ ಬೇಕು. ಶಿಮಾನೊ ಡಿಯೋರ್ ದರ್ಜೆಯ ಹಬ್ಬು ಬೆಲೆಗೆ ತಕ್ಕ ಬಾಳಿಕೆಯದು. ಅದಕ್ಕಿಂತ ಮೇಲಿನದಕ್ಕೆ ಹಣ ಹಾಕುವ ಬದಲು ಆ ಹಣವನ್ನು ಕಡ್ಡಿಗೂ ಕಟ್ಟುವವನ ಕೂಲಿಗೂ ಕೊಡಬೇಕು.

ರಿಮ್ಮು ಅಲ್ಯುಮಿನಿಯಮ್ಮಿನದಾಗಿ, ಎರಡು ಪದರದ ಗೋಡೆಯುಳ್ಳದ್ದಾಗಿ, ಒಳಗಿನ ಅಗಲ 25ರಿಂದ 30 ಮಿಲಿಮೀಟರು ಇರತಕ್ಕದ್ದು. ಪಂದ್ಯಕ್ಕೆಂದು ಮಾಡಿದ 29 ಇಂಚಿನ ಹಗುರ ರಿಮ್ಮು 400ರಿಂದ 430 ಗ್ರಾಂ ತೂಗುತ್ತದೆ. ನಮ್ಮ ಸವಾರನಿಗೆ ಅದು ಸಲ್ಲದು. ಮುಂದಕ್ಕೆ 500ರಿಂದ 550, ಹಿಂದಕ್ಕೆ 550ರಿಂದ 600 ಗ್ರಾಮಿನದು ತಕ್ಕದ್ದು. ಗಟ್ಟಿ ರಿಮ್ಮು ತಾನು ಬಾಗದೆ ನಿಲ್ಲುವುದಲ್ಲದೆ, ಭಾರವನ್ನು ಹೆಚ್ಚು ಕಡ್ಡಿಗಳಿಗೆ ಹಂಚಿ ಅವುಗಳ ಆಯುಸ್ಸನ್ನೂ ಹೆಚ್ಚಿಸುತ್ತದೆ. ಹೀಗೆ ಆರಿಸಿದ ಚಕ್ರಗಳ ಜೋಡಿಯು ಸುಮಾರು 2,100 ಅಥವಾ 2,200 ಗ್ರಾಂ ತೂಗೀತು. ಸಾಧಾರಣ ಸೈಕಲ್ಲಿನೊಡನೆ ಬರುವ ಜೋಡಿಯು ಅನೇಕ ವೇಳೆ ಇದಕ್ಕಿಂತ ಭಾರವಾಗಿದ್ದೂ ದುರ್ಬಲವಾಗಿರುತ್ತದೆ. ಇವುಗಳ ಮೇಲೆ 2.4 ಇಂಚಿನ ಟೈರು ಹಾಕಿ, ಟ್ಯೂಬಿದ್ದರೆ 30ರಿಂದ 35 ಪೌಂಡಿನಷ್ಟು ಗಾಳಿ ತುಂಬಿ ನೋಡಿಕೊಳ್ಳಬಹುದು. ಗಾಳಿ ಕಡಿಮೆಯಾದರೆ ರಿಮ್ಮು ಕಲ್ಲಿಗೆ ಬಡಿಯುತ್ತದೆ, ಕಲ್ಲಿನಂತೆ ಬಿಗಿದರೆ ಟೈರು ನುಂಗಬೇಕಾದ ಆಘಾತವು ಕಡ್ಡಿಗೆ ಇಳಿಯುತ್ತದೆ.

ಇಷ್ಟೆಲ್ಲ ಸಾಮಗ್ರಿ ಕೂಡಿದರೂ ಚಕ್ರವನ್ನು ಚಕ್ರವಾಗಿಸುವುದು ಕಟ್ಟುವವನ ಕೈ. ಒಳ್ಳೆಯ ಕೆಲಸಗಾರನು ಚಕ್ರ ಕಟ್ಟುವುದನ್ನು ಅಂಗಡಿಯ ಮುಂದೆ ಅರ್ಧ ತಾಸು ನಿಂತು ನೋಡಿದವರಿಗೆ ಈ ಮಾತಿನ ನಿಜ ತಿಳಿಯುತ್ತದೆ. ಅವನು ಒಂದೊಂದು ಕಡ್ಡಿಯ ತಿರುಪಿಗೂ ಎಣ್ಣೆಯ ಹನಿ ಸೋಕಿಸಿ, ಪ್ರತಿಯೊಂದೂ ಮೂರು ಕಡ್ಡಿಗಳನ್ನು ಹಾಯುವಂತೆ ಹೆಣೆದು, ನಿಪ್ಪಲ್ಲುಗಳನ್ನು ಅರ್ಧರ್ಧ ಸುತ್ತಾಗಿ ಸರದಿಯಲ್ಲಿ ಬಿಗಿಯುತ್ತಾನೆ. ಚಕ್ರವನ್ನು ಫೋರ್ಕಿನ ನಡುವೆ ತಿರುಗಿಸಿ, ಹೆಬ್ಬೆರಳಿನ ಉಗುರನ್ನು ರಿಮ್ಮಿನ ಅಂಚಿಗೆ ಹತ್ತಿರ ಹಿಡಿದು, ಅದು ಎಲ್ಲಿ ಸವರುತ್ತದೆ ಎಲ್ಲಿ ಬಿಡುತ್ತದೆ ಎಂಬುದನ್ನು ಕಣ್ಣಿಗಿಂತ ಮೊದಲು ಬೆರಳಿನಿಂದ ಅರಿಯುತ್ತಾನೆ. ಎಲ್ಲ ಸರಿಯಾಯಿತೆನ್ನುವಾಗ, ಸಮಾಂತರವಾಗಿರುವ ಎರಡೆರಡು ಕಡ್ಡಿಗಳನ್ನು ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದು ಬಲವಾಗಿ ಹಿಂಡುತ್ತಾನೆ. ಬ್ರಾಂಟನು ತನ್ನ ಗ್ರಂಥದಲ್ಲಿ ಬಹುವಾಗಿ ಒತ್ತಿಹೇಳಿದ ಕ್ರಮವಿದು: ಹೀಗೆ ಹಿಂಡುವುದರಿಂದ ಮೊಣಕೈಗಳು ರಂಧ್ರಗಳಲ್ಲಿ ಸರಿಯಾಗಿ ಕುಳಿತು, ತಯಾರಿಕೆಯಲ್ಲಿ ಲೋಹದೊಳಗೆ ಉಳಿದುಹೋದ ಬಿಗುಪುಗಳು ಅಳಿಸಿಹೋಗುತ್ತವೆ. ಈ ಕೆಲಸಕ್ಕೆ ಕೆಲವೇ ನಿಮಿಷ ಸಾಕು, ಯಾವ ಖರ್ಚೂ ಇಲ್ಲ. ಹೀಗಿದ್ದೂ ಕಾರ್ಖಾನೆಯಿಂದ ಬಂದ ಅಗ್ಗದ ಚಕ್ರಗಳಿಗೆ ಇದು ಲಭಿಸಿರುವುದು ಅಪೂರ್ವ.

ಬಿಗಿತ ಎಷ್ಟಿರಬೇಕು? ಹಿಂದಿನ ಚಕ್ರದ ಬಲಗಡೆಯಲ್ಲಿ, ರಿಮ್ಮಿನ ತಯಾರಕರು ವಿಧಿಸಿದ ಮಿತಿಯೊಳಗೆ, ಸಾಮಾನ್ಯವಾಗಿ 100ರಿಂದ 120 ಕಿಲೋಗ್ರಾಂ ಸೆಳೆತ. ಅದನ್ನಳೆಯುವ ಟೆನ್ಷನ್ ಮೀಟರು ಅನೇಕ ಅಂಗಡಿಗಳಲ್ಲಿದೆ. ಇಲ್ಲದೆಡೆಯಲ್ಲಿ ಕಿವಿಯೇ ಸಾಧನ: ಒಂದು ಪಕ್ಕದ ಕಡ್ಡಿಗಳನ್ನು ಒಂದೊಂದಾಗಿ ಉಗುರಿನಿಂದ ಮೀಟಿದರೆ ಎಲ್ಲವೂ ಹೆಚ್ಚು ಕಡಿಮೆ ಒಂದೇ ಶ್ರುತಿಯಲ್ಲಿ ನುಡಿಯಬೇಕು, ಮಂದ್ರವಾಗಿ ನುಡಿದದ್ದು ಸಡಿಲು, ತಾರವಾಗಿ ನುಡಿದದ್ದು ಅತಿಬಿಗಿ. ಚಕ್ರವು ನೆಟ್ಟಗೆ ತಿರುಗಿದ ಮಾತ್ರಕ್ಕೆ ಅದು ಸರಿಯಾಗಿದೆಯೆಂದು ನಂಬಲಾಗದು. ಒಂದನ್ನು ಅತಿಯಾಗಿ ಎಳೆದು ಅದರ ನೆರೆಯದನ್ನು ಸಡಿಲಿಸಿಯೂ ನೆಟ್ಟಗೆ ತಿರುಗಿಸಬಹುದು. ಅಂಥ ಚಕ್ರವು ಭಾರದ ಸವಾರನ ಕೆಳಗೆ ಬಹುಕಾಲ ನಿಲ್ಲಲಾರದು. ನಿಪ್ಪಲ್ಲುಗಳು ಹಿತ್ತಾಳೆಯವೇ ಆಗಿರಲಿ. ಅಲ್ಯುಮಿನಿಯಮ್ಮಿನವುಗಳಿಂದ ಜೋಡಿಗೆ 40 ಗ್ರಾಮಿನಷ್ಟು ಉಳಿಯುವುದು ನಿಜವಾದರೂ, ಮಲೆನಾಡಿನ ಮಳೆಯಲ್ಲಿಯೂ ಕರಾವಳಿಯ ಉಪ್ಪುಗಾಳಿಯಲ್ಲಿಯೂ ಅವು ಸವೆದು ಹಿಡಿದುಕೊಂಡು, ಮುಂದೆ ತಿರುಗಿಸಹೋದರೆ ಸೀಳಿಹೋಗುತ್ತವೆ.

ಅಂಗಡಿಗೆ ಹೋಗುವ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟು. ನಿಮ್ಮ ತೂಕವನ್ನು ಸಂಕೋಚಪಡದೆ ಇದ್ದಂತೆ ಹೇಳಿರಿ. ಹಲವು ತಯಾರಕರು ತಮ್ಮ ಚಕ್ರಗಳ ಗರಿಷ್ಠ ಭಾರದ ಮಿತಿಯನ್ನು ಪ್ರಕಟಿಸುತ್ತಾರೆ. 110, 120, 130 ಎಂದಿರುವ ಆ ಅಂಕಿಯು ಬಹುತೇಕ ಸವಾರನೊಬ್ಬನದಲ್ಲ, ಸವಾರ, ಸೈಕಲ್ಲು, ಬೆನ್ನಚೀಲ ಎಲ್ಲದರ ಮೊತ್ತವೆಂಬುದನ್ನು ಗಮನಿಸಿರಿ. 100 ಕಿಲೋ ಸವಾರನು 110ರ ಚಕ್ರದ ಮಿತಿಯನ್ನು ಕುಳಿತಕ್ಷಣವೇ ಮೀರಿರುತ್ತಾನೆ. ಕಡ್ಡಿಗಳು ಮೊಣಕೈಯುಳ್ಳ ಸಾಮಾನ್ಯ ಬಗೆಯವಾಗಿರಲಿ. ನೆಟ್ಟನೆಯ ವಿಶೇಷ ಕಡ್ಡಿಗಳು ಮುರಿದರೆ ನಮ್ಮ ಸಣ್ಣ ಊರುಗಳಲ್ಲಿ ಬದಲಿ ದೊರೆಯದು. ಅದೇ ಅಳತೆಯ ನಾಲ್ಕು ಕಡ್ಡಿಗಳನ್ನು ಹೆಚ್ಚಿಗೆ ಕೇಳಿ ಪಡೆದು ಮನೆಯಲ್ಲಿಡಿರಿ. ಹೊಸ ಚಕ್ರವನ್ನು ಮೊದಲ ನೂರಿನ್ನೂರು ಕಿಲೋಮೀಟರು ಓಡಿಸಿದಮೇಲೆ ಕಟ್ಟಿದವನ ಬಳಿಗೇ ಒಯ್ದು ಬಿಗಿತವನ್ನು ಮತ್ತೊಮ್ಮೆ ನೋಡಿಸಿರಿ. ಎರಡು ಚಕ್ರಗಳಿಗೂ ಈಗಲೇ ಹಣವೊದಗದಿದ್ದರೆ ಚಿಂತೆಯಿಲ್ಲ: ಮುಂದಿನದನ್ನು ಇದ್ದಂತೆಯೇ ಬಿಟ್ಟು, ಹಿಂದಿನ ಚಕ್ರವೊಂದನ್ನು ಮಾತ್ರ 36 ಬಟ್ಟೆಡ್ ಕಡ್ಡಿಗಳಿಂದ, ಗಟ್ಟಿ ಅಲ್ಯುಮಿನಿಯಂ ರಿಮ್ಮಿನಿಂದ, ನುರಿತ ಕೈಯಿಂದ ಕಟ್ಟಿಸಿರಿ. ಕಡ್ಡಿ ಮುರಿಯುವ ತೊಂದರೆಯ ಬಹುಪಾಲು ಅಲ್ಲಿಗೆ ಪರಿಹಾರವಾಗುತ್ತದೆ.